ಅಂಗಡಿಗೆ ರಜೆಯೋ, ದುಡಿಯುವವರಿಗೆ ರಜೆಯೋ?



ಅಕ್ಟೋಬರ್ 2ರ ಬೆಳಿಗ್ಗೆ ದಾವಣಗೆರೆಯ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಅಂದು ಗಾಂಧೀ ಜಯಂತಿ. ಶಾಲೆ ಕಾಲೇಜುಗಳಿಗೆ ರಜೆ. ಬ್ಯಾಂಕಿನ ಬಾಗಿಲು ಹಾಕಿದೆ. ನ್ಯಾಯಾಲಯ ಇಲ್ಲ, ಕಚೇರಿ ಇಲ್ಲ. ಮದ್ಯದಂಗಡಿ ಮುಚ್ಚಿದೆ. ಆದರೆ ಬೆಣ್ಣೆದೋಸೆಯ ಹೋಟೆಲಿನಲ್ಲಿ ಕಾವಲಿ ಕಾದಿದೆ. ಔಷಧಿ ಅಂಗಡಿ ತೆರೆದಿದೆ. ಬಟ್ಟೆ ಅಂಗಡಿಗಳ ಸಾಲಿನಲ್ಲಿ ಒಂದು ತೆರೆದಿದ್ದರೆ ಪಕ್ಕದ್ದು ಮುಚ್ಚಿದೆ. ಇಡೀ ನಾಡಿಗೇ ರಜೆ ಎಂದು ಸರ್ಕಾರ ಸಾರಿರುವಾಗ ಈ ಅಂಗಡಿಗಳು ತೆರೆದಿರುವುದು ಹೇಗೆ? ತೆರೆಯಬಹುದು ಎಂದಾದರೆ, ಅಲ್ಲಿ ಗಲ್ಲಾದ ಹಿಂದೆ ನಿಂತು ಬಟ್ಟೆ ಹರಿಯುವ ಹುಡುಗನಿಗೆ ಗಾಂಧೀ ಜಯಂತಿ ಇಲ್ಲವೇ?

ನೋಡಲು ಇದು ಸಣ್ಣ ಪ್ರಶ್ನೆ. ಆದರೆ ಇದರ ಉತ್ತರ ಹುಡುಕುತ್ತ ಹೋದರೆ ನೂರು ವರ್ಷಗಳಿಗೂ ಹಿಂದಿನ ಕಥೆಯೊಂದು ತೆರೆದುಕೊಳ್ಳುತ್ತದೆ. ಆ ಕಥೆಯ ಒಂದು ಮುಖ್ಯ ಘಟ್ಟವನ್ನು ದಾವಣಗೆರೆ, ಹರಿಹರಗಳ ಆಸುಪಾಸಿನಲ್ಲೇ ನಿಂತು ನೋಡಬಹುದು. ಇಲ್ಲಿ ಹೊಳೆಯ ಈಚೆ ದಡಕ್ಕೆ ಒಂದು ಕಾಯ್ದೆ, ಆಚೆ ದಡಕ್ಕೆ ಇನ್ನೊಂದು ಕಾಯ್ದೆ ಇದ್ದ ಕಾಲವೊಂದಿತ್ತು.

ಎತ್ತಿಗೆ ಇದ್ದ ಬಿಡುವು

ಕಾಯ್ದೆಗಳು ಬರುವ ಮೊದಲು ನಮ್ಮಲ್ಲಿ ರಜೆ ಇರಲಿಲ್ಲವೇ? ಇತ್ತು. ಆದರೆ ಅದು ವಾರದ ಲೆಕ್ಕದ್ದಾಗಿರದೆ ಬಹುಮಟ್ಟಿಗೆ ವಾಡಿಕೆಯ ಲೆಕ್ಕದ್ದಾಗಿತ್ತು. ನಮ್ಮ ಬಯಲುಸೀಮೆಯ ಅನೇಕ ಊರುಗಳಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಸೋಮವಾರ ಬಸವಣ್ಣನ ದಿನ ಎಂಬ ನಂಬಿಕೆ ಇದರ ಹಿಂದೆ ಇದೆ. ಕ್ಷೌರದ ಅಂಗಡಿಗಳು ಮಂಗಳವಾರ ಮುಚ್ಚಿರುವುದನ್ನು ನೀವೆಲ್ಲ ಕಂಡಿದ್ದೀರಿ. ಅಮಾವಾಸ್ಯೆಯಂದು ಹೊಸ ಕೆಲಸ ಹಿಡಿಯದವರಿದ್ದಾರೆ. ಗ್ರಾಮದೇವತೆಯ ಜಾತ್ರೆ ಬಂದರೆ ಊರಿಗೆ ಊರೇ ಕೆಲಸ ಬಿಡುತ್ತದೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ದೇವಿಯ ಜಾತ್ರೆಯ ದಿನಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಅಂಗಡಿಯ ಮಾತು ಬೇರೆ. ಊರಿಗೆ ಹಬ್ಬ ಬಂದರೆ ರೈತ ಕೆಲಸ ಬಿಡುತ್ತಾನೆ, ನೇಕಾರ ಮಗ್ಗ ನಿಲ್ಲಿಸುತ್ತಾನೆ. ಅಂಗಡಿಯವನಿಗೆ ಮಾತ್ರ ಆಗಲೇ ಕೆಲಸ ಹೆಚ್ಚುತ್ತದೆ. ಯುಗಾದಿಗೆ ಹೊಸ ಬಟ್ಟೆ, ದೀಪಾವಳಿಗೆ ಪಟಾಕಿ, ಗಣೇಶನ ಹಬ್ಬಕ್ಕೆ ಹಣ್ಣು ಕಾಯಿ. ದೀಪಾವಳಿಯಲ್ಲಿ ಅಂಗಡಿಗೆ ಲಕ್ಷ್ಮೀಪೂಜೆ ನಡೆಯುತ್ತದೆ, ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಬೀಳುತ್ತದೆ. ಆ ಪೂಜೆಗೆ ಹೂ ಕಟ್ಟುವುದರಿಂದ ಹಿಡಿದು ರಾತ್ರಿ ಬಂದವರಿಗೆ ಸಿಹಿ ಹಂಚುವವರೆಗೆ ಗುಮಾಸ್ತನೂ ಅಂಗಡಿ ಹುಡುಗನೂ ಅಲ್ಲೇ ಇರಬೇಕು. ಎಲ್ಲರಿಗೂ ಬಿಡುವಾದ ದಿನವೇ ಅಂಗಡಿಗೆ ದುಡಿಮೆಯ ದಿನ. ಅಂಗಡಿಯ ರಜೆಯ ಪ್ರಶ್ನೆ ಕಾರ್ಖಾನೆಯ ರಜೆಗಿಂತ ಜಟಿಲವಾಗಿರುವುದಕ್ಕೆ ಇದೇ ಮೂಲ ಕಾರಣ. ಒಂದು ಮಾತಿನಲ್ಲಿ ಹೇಳುವುದಾದರೆ, ಎತ್ತಿಗೆ ವಾರಕ್ಕೊಂದು ದಿನ ಬಿಡುವಿತ್ತು. ಆ ಎತ್ತು ಎಳೆದು ತಂದ ಹತ್ತಿಯ ಲೆಕ್ಕ ಬರೆಯುವ ಗುಮಾಸ್ತನಿಗೆ ಅಂಥ ದಿನ ಗೊತ್ತಾಗಿರಲಿಲ್ಲ.

ಗಿರಣಿಯವರಿಗೆ ಮೊದಲು, ಅಂಗಡಿಯವರಿಗೆ ನಂತರ

ದಾವಣಗೆರೆ ವ್ಯಾಪಾರದಿಂದಲೇ ಬೆಳೆದ ಊರು. ಹೈದರಾಲಿಯ ಕಾಲದಲ್ಲಿ ಇದು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ದೊರೆಯಿತು. ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದನೆಂದು ಇತಿಹಾಸ ಹೇಳುತ್ತದೆ. ಮುಂದೆ ಹತ್ತಿ, ಕಂಬಳಿ, ಕಾಳುಕಡಿಗಳ ವಹಿವಾಟು ಬೆಳೆಯಿತು. ಮಂಡಿಪೇಟೆ, ಚೌಕಿಪೇಟೆ ಎಂಬ ಹೆಸರುಗಳೇ ಊರಿನ ಕಸುಬನ್ನು ಸಾರುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದವು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು.

ಗಿರಣಿ, ಕಾರ್ಖಾನೆಗಳ ಜೊತೆಗೆ ಹೊಸ ಬಗೆಯ ರಜೆಯೂ ಬಂತು. ಅದಕ್ಕೆ ಹಿನ್ನೆಲೆಯಾಗಿ ಮುಂಬಯಿಯ ಒಂದು ಘಟನೆಯನ್ನು ತಿಳಿಯಬೇಕು. ಜ್ಯೋತಿಬಾ ಫುಲೆಯವರ ಒಡನಾಡಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಅಲ್ಲಿನ ಗಿರಣಿ ಕೆಲಸಗಾರರನ್ನು ಸಂಘಟಿಸಿ, ವಾರಕ್ಕೊಂದು ದಿನ ರಜೆ ಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 1890ರ ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಯನ್ನು ಒಪ್ಪಿಕೊಂಡಿತು. ಮುಂದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲಿ ಕೈಗಾರಿಕೆಗಳಲ್ಲಿ ವಾರದ ವಿಶ್ರಾಂತಿಯ ಬಗ್ಗೆ ಒಂದು ಒಡಂಬಡಿಕೆಯನ್ನು ರೂಪಿಸಿತು. ಭಾರತ ಅದನ್ನು 1923ರಲ್ಲಿ ಅಂಗೀಕರಿಸಿತು. ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಖಾನೆಗಳ ಕಾಯ್ದೆ ವಾರದ ರಜೆಯನ್ನು ಇನ್ನಷ್ಟು ಭದ್ರಪಡಿಸಿತು.

ಗಮನಿಸಿ: ಇವೆಲ್ಲವೂ ಕೈಗಾರಿಕೆಗೆ ಸಂಬಂಧಿಸಿದವು. ಗಿರಣಿಯಲ್ಲಿ ನೂರಾರು ಜನ ಒಟ್ಟಿಗೆ ದುಡಿಯುತ್ತಾರೆ. ಅವರು ಸಂಘ ಕಟ್ಟಬಹುದು, ಮುಷ್ಕರ ಹೂಡಬಹುದು. ದಾವಣಗೆರೆಯ ಗಿರಣಿ ಕಾರ್ಮಿಕರ ಸಂಘಟನೆಗೆ ಎಷ್ಟು ಬಲವಿತ್ತೆಂದರೆ, ಅವರ ನಾಯಕರಾಗಿದ್ದ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಇಲ್ಲಿಂದ ವಿಧಾನಸಭೆಗೆ ಆಯ್ಕೆಯಾದರು. ಆದರೆ ಅಂಗಡಿಯಲ್ಲಿ ದುಡಿಯುವವರು ಒಬ್ಬರು ಇಲ್ಲಿ, ಇಬ್ಬರು ಅಲ್ಲಿ ಎಂಬಂತೆ ಚದುರಿಹೋಗಿದ್ದಾರೆ. ಅನೇಕರು ಮಾಲೀಕನ ಬಂಧುಗಳೋ, ಊರ ಕಡೆಯಿಂದ ಬಂದ ಪರಿಚಯದ ಹುಡುಗರೋ ಆಗಿರುತ್ತಾರೆ. ಧಣಿಯನ್ನು ಅಣ್ಣ, ಮಾವ ಎಂದು ಕರೆಯುವವನು ನನಗೆ ರಜೆ ಕೊಡಿ ಎಂದು ಹಕ್ಕಿನ ಮಾತಾಡುವುದು ಸುಲಭವಲ್ಲ. ಗಿರಣಿಯ ಸೈರನ್ನು ಇಡೀ ಊರಿಗೆ ಕೇಳುತ್ತದೆ. ಅಂಗಡಿಯೊಳಗಿನ ದುಡಿಮೆಗೆ ಅಂಥ ಸೈರನ್ನು ಇಲ್ಲ. ಆದ್ದರಿಂದ ಅಂಗಡಿ ನೌಕರರ ರಜೆ ಬೀದಿಯ ಹೋರಾಟದಿಂದ ಬಂದದ್ದಕ್ಕಿಂತ ಹೆಚ್ಚಾಗಿ ಶಾಸನದ ದಾರಿಯಲ್ಲಿ ಬರಬೇಕಾಯಿತು.

ಬಾಗಿಲೇ ಸಾಕ್ಷಿ

ಭಾರತದಲ್ಲಿ ಅಂಗಡಿಗಳಿಗೆಂದೇ ಮೊದಲು ಕಾಯ್ದೆ ಮಾಡಿದ್ದು ಮುಂಬಯಿ ಪ್ರಾಂತ. 1939ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ 1940ರ ನವೆಂಬರಿನಲ್ಲಿ ಜಾರಿಗೆ ಬಂತು. ಅಂಗಡಿ, ಹೋಟೆಲು, ನಾಟಕಮಂದಿರಗಳ ನೌಕರರ ದುಡಿಮೆಗೆ ಅದು ಮಿತಿ ಹಾಕಿತು. ಅದಾದ ಮೇಲೆ 1942ರಲ್ಲಿ ಕೇಂದ್ರದ ಶಾಸಕಾಂಗ ವಾರದ ರಜೆಗಳ ಕಾಯ್ದೆಯನ್ನು ಅಂಗೀಕರಿಸಿತು. ಇದು ತುಂಬ ಚಿಕ್ಕ ಕಾಯ್ದೆ. ಆದರೆ ಇದರ ರಚನೆಯಲ್ಲಿ ಒಂದು ಜಾಣ್ಮೆಯಿದೆ.

ಈ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಆಜ್ಞೆಗಳಿದ್ದವು. ಮೊದಲನೆಯದು: ಪ್ರತಿ ಅಂಗಡಿಯೂ ವಾರದಲ್ಲಿ ಒಂದು ದಿನ ಪೂರ್ತಿಯಾಗಿ ಮುಚ್ಚಿರಬೇಕು. ಯಾವ ದಿನ ಎಂಬುದನ್ನು ಅಂಗಡಿಕಾರನೇ ಗೊತ್ತುಪಡಿಸಿ, ಎದ್ದು ಕಾಣುವ ಜಾಗದಲ್ಲಿ ಫಲಕ ಹಾಕಬೇಕು. ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ ಆ ದಿನವನ್ನು ಬದಲಿಸುವಂತಿಲ್ಲ. ಎರಡನೆಯದು: ಅಂಗಡಿ, ಹೋಟೆಲು, ನಾಟಕಮಂದಿರಗಳಲ್ಲಿ ದುಡಿಯುವ ಪ್ರತಿಯೊಬ್ಬ ನೌಕರನಿಗೂ ವಾರದಲ್ಲಿ ಒಂದು ಇಡೀ ದಿನ ರಜೆ ಸಿಗಬೇಕು, ಅದಕ್ಕಾಗಿ ಸಂಬಳ ಹಿಡಿಯಬಾರದು. ಆಡಳಿತದ ಹೊಣೆ ಹೊತ್ತವರು, ಮಾಲೀಕನ ನಂಬಿಕೆಯ ಗುಟ್ಟಿನ ಕೆಲಸದವರು ಮಾತ್ರ ಇದರಿಂದ ಹೊರಗಿದ್ದರು.

ನೌಕರನಿಗೆ ರಜೆ ಕೊಟ್ಟರೆ ಸಾಕಲ್ಲವೇ, ಅಂಗಡಿಯನ್ನೇ ಮುಚ್ಚಿಸುವುದೇಕೆ ಎಂದು ನೀವು ಕೇಳಬಹುದು. ಯೋಚಿಸಿ ನೋಡಿ. ಊರಿನಲ್ಲಿ ಸಾವಿರಾರು ಅಂಗಡಿಗಳಿವೆ. ಕಾರ್ಮಿಕ ನಿರೀಕ್ಷಕರು ಬೆರಳೆಣಿಕೆಯಷ್ಟು. ಯಾವ ಅಂಗಡಿಯಲ್ಲಿ ಯಾವ ಹುಡುಗನಿಗೆ ಈ ವಾರ ರಜೆ ಸಿಕ್ಕಿತು ಎಂದು ಒಬ್ಬೊಬ್ಬರನ್ನೇ ಕೇಳಿ ತಿಳಿಯಲಾಗದು. ಕೇಳಿದರೂ ಧಣಿಯ ಎದುರಿನಲ್ಲಿ ಹುಡುಗ ನಿಜ ಹೇಳುವನೆಂಬ ಭರವಸೆಯಿಲ್ಲ. ಆದರೆ ಅಂಗಡಿಯ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂಬುದು ದಾರಿಹೋಕನಿಗೂ ಕಾಣುತ್ತದೆ. ಫಲಕದಲ್ಲಿ ಸೋಮವಾರ ರಜೆ ಎಂದು ಬರೆದು, ಸೋಮವಾರ ಬಾಗಿಲು ತೆರೆದಿದ್ದರೆ ತಪ್ಪು ತಾನಾಗಿಯೇ ಸಾಬೀತಾಯಿತು. ನೌಕರನ ರಜೆಗೆ ಬಾಗಿಲನ್ನೇ ಸಾಕ್ಷಿಯಾಗಿಸಿದ್ದು ಈ ಕಾಯ್ದೆಯ ಜಾಣ್ಮೆ.

ಹೊಳೆ ದಾಟಿದರೆ ಬೇರೆ ಕಾಯ್ದೆ

ಈಗ ಹರಿಹರದ ತುಂಗಭದ್ರಾ ಸೇತುವೆಯ ಮೇಲೆ ನಿಂತುಕೊಳ್ಳೋಣ. ಈಚೆ ದಡ ಹರಿಹರ. ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವಿರುವ ಊರು. ಆಚೆ ದಡದ ಕುಮಾರಪಟ್ಟಣ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ್ದು. ಇಂದು ಇದು ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳ ಗಡಿ ಮಾತ್ರ. 1956ರ ನವೆಂಬರ್ 1ಕ್ಕೆ ಮೊದಲು ಇದು ಎರಡು ರಾಜ್ಯಗಳ ಗಡಿಯಾಗಿತ್ತು. ಈಚೆಗೆ ಮೈಸೂರು, ಆಚೆಗೆ ಮುಂಬಯಿ. ಇನ್ನು ಉತ್ತರಕ್ಕೆ ಹೋದರೆ ಹರಪನಹಳ್ಳಿ. ಅದು ಬಳ್ಳಾರಿ ಜಿಲ್ಲೆಗೆ ಸೇರಿ, 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತದಲ್ಲಿತ್ತು. ಹೀಗೆ ದಾವಣಗೆರೆಯ ಪೇಟೆಗೆ ಸರಕು ತರುತ್ತಿದ್ದ ರೈತರು, ವರ್ತಕರು ಮೂರು ಸರ್ಕಾರಗಳ ನೆಲದಿಂದ ಬರುತ್ತಿದ್ದರು. ಆಡುವ ಮಾತು ಒಂದೇ ಕನ್ನಡ, ಆಡಳಿತ ಮಾತ್ರ ಮೂರು.

ಅಂಗಡಿ ಕಾಯ್ದೆಗಳ ಗತಿಯೂ ಹಾಗೆಯೇ ಆಯಿತು. ಮದರಾಸು ಪ್ರಾಂತ 1947ರಲ್ಲಿ ತನ್ನದೊಂದು ಕಾಯ್ದೆ ಮಾಡಿತು. ಮುಂಬಯಿ 1948ರಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ತಂದಿತು. ಮೈಸೂರು 1948ರಲ್ಲಿ, ಹೈದರಾಬಾದು 1951ರಲ್ಲಿ ತಮ್ಮ ತಮ್ಮ ಕಾಯ್ದೆಗಳನ್ನು ಮಾಡಿಕೊಂಡವು. ನಾಲ್ಕಕ್ಕೂ ಉದ್ದೇಶ ಹೆಚ್ಚುಕಡಿಮೆ ಒಂದೇ. ಆದರೆ ವಿವರಗಳು, ಅಂಗಡಿ ತೆರೆದು ಮುಚ್ಚುವ ಹೊತ್ತು, ವಿನಾಯಿತಿ ಪಡೆದವರ ಪಟ್ಟಿ ಬೇರೆ ಬೇರೆ.

ಏಕೀಕರಣವಾದಾಗ ಈ ನಾಲ್ಕು ಕಾಯ್ದೆಗಳೂ ಹೊಸ ಮೈಸೂರು ರಾಜ್ಯದೊಳಗೆ ಬಂದು ಸೇರಿದವು. ಏಕೀಕರಣ ಎಂದರೆ ನಕ್ಷೆಯ ಮೇಲಿನ ಗೆರೆ ಅಳಿಸಿದ್ದು ಎಂದಷ್ಟೇ ನಾವು ಓದುತ್ತೇವೆ. ಆದರೆ ಗೆರೆ ಅಳಿಸಿದ ಮರುದಿನವೇ ಕಾಯ್ದೆಗಳು ಒಂದಾಗಲಿಲ್ಲ. ರಾಜ್ಯ ಒಂದೇ ಆದ ಮೇಲೂ ಹರಿಹರದ ಅಂಗಡಿಗೆ ಹಳೆಯ ಮೈಸೂರಿನ ಕಾಯ್ದೆ, ರಾಣೆಬೆನ್ನೂರಿನ ಕಡೆಗೆ ಮುಂಬಯಿ ಕಾಯ್ದೆ ಎಂಬ ಸ್ಥಿತಿ ಕೆಲವು ವರ್ಷ ಮುಂದುವರಿಯಿತು. ಇದನ್ನು ಕೊನೆಗಾಣಿಸಲು ಬಂದದ್ದೇ 1961ರ ಮೈಸೂರು ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಅದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಾಯಿತು.

ಈ ಕಾಯ್ದೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದ ಅಂಶಗಳು ಇವು. ಅಂಗಡಿಯನ್ನು ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಬೇಕು. ನೌಕರನ ದುಡಿಮೆ ಸಾಮಾನ್ಯವಾಗಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಅಂಗಡಿ ವಾರದಲ್ಲಿ ಒಂದು ದಿನ ಮುಚ್ಚಿರಬೇಕು. ಆ ದಿನವನ್ನು ಮಾಲೀಕನೇ ಗೊತ್ತುಪಡಿಸಿ ಫಲಕದಲ್ಲಿ ತೋರಿಸಬೇಕು. ಅಂಗಡಿ ಮುಚ್ಚಿದ ಕಾರಣಕ್ಕೆ ಸಂಬಳ ಹಿಡಿಯಬಾರದು. ಕೆಲವು ಬಗೆಯ ಸಂಸ್ಥೆಗಳಿಗೆ ಸರ್ಕಾರ ವಿನಾಯಿತಿ ಕೊಡಬಹುದು. ಆ ದಿನ ಭಾನುವಾರವೇ ಆಗಬೇಕೆಂದು ಕಾಯ್ದೆ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಗಿರಣಿಯ ಕೆಲಸಗಾರನಿಗೆ ಭಾನುವಾರ ರಜೆಯಾದರೆ ಅವನು ಸಂಸಾರದೊಡನೆ ಪೇಟೆಗೆ ಬರುವುದೂ ಅಂದೇ. ಬಟ್ಟೆ ಅಂಗಡಿಯವನು ಭಾನುವಾರವೇ ಬಾಗಿಲು ಹಾಕಿದರೆ ಇಬ್ಬರಿಗೂ ನಷ್ಟ. ದಿನವನ್ನು ಅಂಗಡಿಯವನ ಆಯ್ಕೆಗೆ ಬಿಟ್ಟದ್ದರಲ್ಲಿ ಈ ವ್ಯವಹಾರಜ್ಞಾನವಿದೆ.

ತಾನೇ ಧಣಿ, ತಾನೇ ಆಳು

ಇಲ್ಲೊಂದು ತೊಡಕು ಬರುತ್ತದೆ. ಒಂದು ಅಂಗಡಿಯಲ್ಲಿ ನೌಕರರೇ ಇಲ್ಲ; ಅಪ್ಪ, ಮಗ ಸೇರಿ ನಡೆಸುತ್ತಾರೆ. ಅವರೂ ವಾರಕ್ಕೊಂದು ದಿನ ಮುಚ್ಚಬೇಕೇ? ಯಾರ ವಿಶ್ರಾಂತಿಗಾಗಿ?

ಈ ಪ್ರಶ್ನೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಪಂಜಾಬಿನ ಫಿರೋಜ್‌ಪುರದ ಅಂಗಡಿಯೊಂದು ಗೊತ್ತಾದ ರಜೆಯ ದಿನ ತೆರೆದಿತ್ತು. ಅಂಗಡಿಯನ್ನು ನಡೆಸುತ್ತಿದ್ದವರು ಮನೆಯವರೇ. ದಂಡ ಬಿದ್ದಾಗ ಮಾಲೀಕರು, ಯಾವ ವೃತ್ತಿಯನ್ನಾದರೂ ನಡೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನನಗೆ ಕೊಟ್ಟಿದೆ, ನನ್ನಲ್ಲಿ ನೌಕರರಿಲ್ಲದಿರುವಾಗ ಮುಚ್ಚಿಸುವುದು ನ್ಯಾಯವಲ್ಲ ಎಂದು ವಾದಿಸಿದರು. ಮನೋಹರಲಾಲ್ ವಿರುದ್ಧ ಪಂಜಾಬ್ ಸರ್ಕಾರ ಎಂಬ ಈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1960ರಲ್ಲಿ ತೀರ್ಪು ಕೊಟ್ಟಿತು. ಮುಚ್ಚಬೇಕೆಂಬ ನಿಯಮವನ್ನು ಅದು ಎತ್ತಿಹಿಡಿಯಿತು. ದುಡಿಯುವವರ ಆರೋಗ್ಯ ಸಮಾಜಕ್ಕೆ ಸೇರಿದ ಹಿತ. ಸ್ವಂತ ಅಂಗಡಿಯಲ್ಲಿ ದುಡಿಯುವವರಿಗೂ ವಿಶ್ರಾಂತಿ ಬೇಕು. ಇಂಥವರಿಗೆ ಬಿಟ್ಟುಕೊಟ್ಟರೆ ನಿಯಮವನ್ನು ತಪ್ಪಿಸಿಕೊಳ್ಳುವ ದಾರಿಗಳು ತೆರೆಯುತ್ತವೆ ಎಂಬುದು ಈ ತೀರ್ಪಿನ ಹಿಂದಿನ ವಿಚಾರ.

ತಪ್ಪಿಸಿಕೊಳ್ಳುವ ದಾರಿ ಎಂದರೇನು? ಎಲ್ಲ ಮಾಲೀಕರೂ ತಮ್ಮ ನೌಕರರನ್ನು ತೋರಿಸಿ, ಇವನು ನನ್ನ ತಮ್ಮನ ಮಗ, ಇವನು ನನ್ನ ಅಳಿಯ ಎಂದು ಹೇಳತೊಡಗಿದರೆ ನಿರೀಕ್ಷಕರು ಮಾಡುವುದೇನು? ಅಲ್ಲದೆ ಒಂದು ಅಂಗಡಿ ಮುಚ್ಚಿ, ಪಕ್ಕದ್ದು ತೆರೆದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ನೌಕರನಿಗೆ ರಜೆ ಕೊಟ್ಟವನಿಗೇ ನಷ್ಟವಾಗುತ್ತದೆ. ಒಳ್ಳೆಯ ಮಾಲೀಕನು ಒಳ್ಳೆಯವನಾಗಿ ಉಳಿಯಬೇಕಾದರೂ ಎಲ್ಲರಿಗೂ ಒಂದೇ ನಿಯಮ ಬೇಕು.

ಮೂರು ಬಗೆಯ ರಜೆಗಳು

ಈಗ ಮೊದಲು ಕೇಳಿದ ಪ್ರಶ್ನೆಗೆ ಹಿಂತಿರುಗೋಣ. ಸಾರ್ವಜನಿಕ ರಜೆಯಂದು ಅಂಗಡಿ ತೆರೆಯಬಹುದೇ? ಉತ್ತರ ತಿಳಿಯಲು ಮೂರು ಬಗೆಯ ರಜೆಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು, ಸರ್ಕಾರ ಪ್ರತಿ ವರ್ಷ ಪ್ರಕಟಿಸುವ ಸಾರ್ವಜನಿಕ ರಜೆಗಳ ಪಟ್ಟಿ. ಬ್ಯಾಂಕುಗಳ ಮಟ್ಟಿಗೆ ಇದರ ಬೇರು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿದೆ. ಅದು ಚೆಕ್ಕು, ಪ್ರಾಮಿಸರಿ ನೋಟು, ಹುಂಡಿಯಂಥ ಹಣದ ಪತ್ರಗಳ ಕಾಯ್ದೆ. ಮಂಡಿಪೇಟೆಯ ವರ್ತಕನೊಬ್ಬ ಇಂಥ ದಿನ ಹಣ ಕೊಡುತ್ತೇನೆ ಎಂದು ಪತ್ರ ಬರೆದುಕೊಟ್ಟಿದ್ದಾನೆ ಎನ್ನಿ. ಆ ದಿನ ಸಾರ್ವಜನಿಕ ರಜೆಯಾಗಿದ್ದರೆ ಅದರ ಹಿಂದಿನ ವ್ಯವಹಾರದ ದಿನವೇ ಅದರ ವಾಯಿದೆ ಎಂದು ಕಾಯ್ದೆ ಹೇಳುತ್ತದೆ. ಇದಕ್ಕಾಗಿ ಯಾವ ದಿನ ಸಾರ್ವಜನಿಕ ರಜೆ ಎಂಬುದು ಮೊದಲೇ ಗೊತ್ತಿರಬೇಕು. ಹೀಗಾಗಿ ಈ ಪಟ್ಟಿ ಬ್ಯಾಂಕು, ಕಚೇರಿಗಳಿಗೆ ಸಂಬಂಧಿಸಿದ್ದು. ಈ ಪಟ್ಟಿಯಲ್ಲಿ ಒಂದು ದಿನ ಇದೆ ಎಂಬ ಮಾತ್ರಕ್ಕೆ ಕಿರಾಣಿ ಅಂಗಡಿ ಮುಚ್ಚಬೇಕಾಗಿಲ್ಲ.

ಎರಡನೆಯದು, ಈಗಾಗಲೇ ನೋಡಿದ ವಾರದ ರಜೆ. ಅದು ಅಂಗಡಿಗೆ ಸಂಬಂಧಿಸಿದ್ದು. ಹಬ್ಬಕ್ಕೂ ಅದಕ್ಕೂ ನಂಟಿಲ್ಲ.

ಮೂರನೆಯದೇ ನಮ್ಮ ಪ್ರಶ್ನೆಗೆ ನೇರವಾದ ಉತ್ತರ. 1963ರಲ್ಲಿ ರಾಜ್ಯದಲ್ಲಿ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಬಂತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ದಾವಣಗೆರೆಯಲ್ಲಿ ಶಾಲೆ ಕಲಿತ ಅವರಿಗೆ ಈ ಗಡಿಗಳ ಅನುಭವ ಬಾಲ್ಯದಿಂದಲೇ ಇತ್ತು. ಕಾಯ್ದೆಯ ಹೆಸರಿನಲ್ಲಿ ಕೈಗಾರಿಕೆ ಎಂದಿದ್ದರೂ ಅಂಗಡಿಗಳೂ ವಾಣಿಜ್ಯ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಇವುಗಳ ಜೊತೆಗೆ ಮುಂದೆ ಮೇ 1ರ ಕಾರ್ಮಿಕ ದಿನ, ನವೆಂಬರ್ 1ರ ಕನ್ನಡ ರಾಜ್ಯೋತ್ಸವ ಸೇರಿ ಐದು ರಾಷ್ಟ್ರೀಯ ರಜೆಗಳಾದವು. ಇದಲ್ಲದೆ ಹಬ್ಬಗಳಿಗಾಗಿ ಐದು ದಿನ. ಹೀಗೆ ವರ್ಷಕ್ಕೆ ಹತ್ತು ದಿನ ಸಂಬಳಸಹಿತ ರಜೆ.

ಆದರೆ ಈ ರಜೆ ಸಲ್ಲುವುದು ನೌಕರನಿಗೆ, ಬಾಗಿಲಿಗಲ್ಲ. ಅಂದು ನೌಕರನಿಂದ ಕೆಲಸ ತೆಗೆದುಕೊಂಡರೆ ಎರಡರಷ್ಟು ಕೂಲಿ ಕೊಡಬೇಕು. ಇಲ್ಲವೇ ಅಂದಿನ ಕೂಲಿಯ ಜೊತೆಗೆ ಬೇರೊಂದು ದಿನ ಸಂಬಳಸಹಿತ ರಜೆ ಕೊಡಬೇಕು. ಗಾಂಧೀ ಜಯಂತಿಯಂದು ಚೌಕಿಪೇಟೆಯಲ್ಲಿ ಒಂದು ಅಂಗಡಿ ತೆರೆದು ಇನ್ನೊಂದು ಮುಚ್ಚಿರುವುದರ ಗುಟ್ಟು ಇದೇ. ತೆರೆಯುವುದು ತಪ್ಪಲ್ಲ, ತೆರೆದು, ಅಲ್ಲಿ ದುಡಿದವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸದಿರುವುದು ತಪ್ಪು. ಮದ್ಯದಂಗಡಿ ಅಂದು ಮುಚ್ಚುವುದಕ್ಕೆ ಕಾರಣವೇ ಬೇರೆ. ಅದು ನೌಕರನ ವಿಶ್ರಾಂತಿಗಾಗಿ ಮಾಡಿದ್ದಲ್ಲ, ಗಾಂಧೀಜಿಯ ಮದ್ಯವಿರೋಧಕ್ಕೆ ಸಲ್ಲಿಸುವ ಗೌರವ.

ಇದಕ್ಕೆ ಇನ್ನೊಂದು ದಿನವನ್ನು ಸೇರಿಸಬೇಕು. ಚುನಾವಣೆಯ ಮತದಾನದ ದಿನ. 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಮಾಡಿದ ತಿದ್ದುಪಡಿಯಂತೆ, ಮತದಾನದ ಹಕ್ಕುಳ್ಳ ಪ್ರತಿಯೊಬ್ಬ ನೌಕರನಿಗೂ ಅಂದು ಸಂಬಳಸಹಿತ ರಜೆ ಕೊಡಬೇಕು. ಅಂಗಡಿಯ ಹುಡುಗನ ಮತಕ್ಕೂ ಅಂಗಡಿಯ ಧಣಿಯ ಮತಕ್ಕೂ ಒಂದೇ ಬೆಲೆಯೆಂಬುದನ್ನು ನೆನಪಿಸುವ ರಜೆಯಿದು.

ಬಾಗಿಲು ತೆರೆದೇ ಇರಲಿ, ಆದರೆ…

ಇತ್ತೀಚಿನ ವರ್ಷಗಳಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. 2016ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಕಾಯ್ದೆಯನ್ನು ರಾಜ್ಯಗಳ ಮುಂದಿಟ್ಟಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ವರ್ಷದ ಎಲ್ಲ ದಿನವೂ ತೆರೆದಿರಬಹುದು ಎಂಬುದು ಅದರ ತಿರುಳು. ಕರ್ನಾಟಕ ಸರ್ಕಾರ 2021ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯೂ ಇದೇ ದಾರಿಯದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿಗಳು ವಾರದ ಏಳು ದಿನವೂ, ದಿನದ 24 ಗಂಟೆಯೂ ತೆರೆದಿರಲು ಅದು ಮೊದಲು ಮೂರು ವರ್ಷಗಳಿಗೆ ಅನುಮತಿ ಕೊಟ್ಟಿತು. ಜೊತೆಗೆ ಷರತ್ತುಗಳನ್ನೂ ಹಾಕಿತು. ಪ್ರತಿ ನೌಕರನಿಗೂ ಸರದಿಯಂತೆ ವಾರಕ್ಕೊಂದು ದಿನ ರಜೆ ಸಿಗಬೇಕು. ಅದಕ್ಕೆ ಬೇಕಾದಷ್ಟು ಹೆಚ್ಚಿನ ನೌಕರರನ್ನು ನೇಮಿಸಿಕೊಳ್ಳಬೇಕು. ಅಂದು ಯಾರಿಗೆ ರಜೆ ಎಂಬ ವಿವರವನ್ನು ಫಲಕದಲ್ಲಿ ತೋರಿಸಬೇಕು. ರಾತ್ರಿ ಹೊತ್ತು ಮಹಿಳೆಯರು ದುಡಿಯುವುದಾದರೆ ಅವರ ಲಿಖಿತ ಒಪ್ಪಿಗೆಯೂ ರಕ್ಷಣೆಯ ಏರ್ಪಾಡೂ ಇರಬೇಕು.

ಹಳೆಯ ಕಾಯ್ದೆಗೂ ಇದಕ್ಕೂ ಇರುವ ಅಂತರವನ್ನು ಗುರುತಿಸಿದಿರಾ? ಆಗ ಫಲಕದ ಮೇಲೆ ಅಂಗಡಿಯ ರಜಾದಿನವಿತ್ತು. ಈಗ ಫಲಕದ ಮೇಲೆ ನೌಕರರ ಹೆಸರಿದೆ. ಆಗ ಬಾಗಿಲು ಮುಚ್ಚಿ ಮನುಷ್ಯನಿಗೆ ರಜೆ ಕೊಡುತ್ತಿದ್ದರು. ಈಗ ಬಾಗಿಲು ತೆರೆದಿಟ್ಟೇ ಮನುಷ್ಯನಿಗೆ ರಜೆ ಕೊಡುತ್ತೇವೆ ಎನ್ನುತ್ತಾರೆ.

ಹೊರದೇಶಗಳಲ್ಲೂ ಇಂಥ ಪಯಣ ನಡೆದಿದೆ. ಬ್ರಿಟನ್ನಿನಲ್ಲಿ 1911ರ ಕಾಯ್ದೆಯೊಂದು ಅಂಗಡಿ ನೌಕರರಿಗೆ ವಾರಕ್ಕೆ ಅರ್ಧ ದಿನದ ರಜೆ ಕೊಟ್ಟಿತು. ಭಾನುವಾರದ ವ್ಯಾಪಾರಕ್ಕೆ ಅಲ್ಲಿ ಬಹುಕಾಲ ಬಿಗಿಯಾದ ನಿರ್ಬಂಧಗಳಿದ್ದವು. 1994ರ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವುಗಳನ್ನು ಸಡಿಲಿಸಿತು. ಅಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಕಾಲ ಮಾತ್ರ ತೆರೆದಿರಬಹುದು. ಸಣ್ಣ ಅಂಗಡಿಗಳಿಗೆ ಆ ಮಿತಿಯಿಲ್ಲ. ಅಂದರೆ ಅಲ್ಲಿ ಸಡಿಲಿಕೆಯ ಲಾಭ ಸಣ್ಣವರಿಗೆ ಹೆಚ್ಚು. ನಮ್ಮ 2021ರ ಆದೇಶದಲ್ಲಿ ಸಡಿಲಿಕೆ ಸಿಕ್ಕಿದ್ದು ಹತ್ತು ಜನರಿರುವ ದೊಡ್ಡವರಿಗೆ.

ಇದು ನ್ಯಾಯವೇ? ದೊಡ್ಡ ಮಳಿಗೆಯಲ್ಲಿ ಮೂವತ್ತು ಜನರಿದ್ದರೆ ದಿನಕ್ಕೆ ನಾಲ್ಕೈದು ಜನರಂತೆ ಸರದಿಯಲ್ಲಿ ರಜೆ ಕೊಡಬಹುದು; ಬಾಗಿಲು ಮುಚ್ಚಬೇಕಾಗಿಲ್ಲ. ಹರಿಹರದ ಮುಖ್ಯರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ಇರುವುದು ಧಣಿ ಒಬ್ಬರು, ಹುಡುಗ ಒಬ್ಬ. ಅಲ್ಲಿ ಸರದಿ ಹಾಕುವುದು ಯಾರಿಗೆ? ಹುಡುಗನಿಗೆ ರಜೆ ಸಿಗಬೇಕಾದರೆ ಬಾಗಿಲು ಹಾಕುವುದೇ ಖಚಿತವಾದ ದಾರಿ. ಆದರೆ ಅವರು ಬಾಗಿಲು ಹಾಕಿದ ದಿನ ಗಿರಾಕಿ ಪಕ್ಕದ ದೊಡ್ಡ ಮಳಿಗೆಗೆ ಹೋಗುತ್ತಾನೆ. ಎಲ್ಲರಿಗೂ ಒಂದೇ ನಿಯಮವಿದ್ದರೆ ಮಾತ್ರ ರಜೆ ಕೊಡುವವನಿಗೆ ನಷ್ಟವಾಗುವುದಿಲ್ಲ ಎಂದು ಮೇಲೆ ನೋಡಿದೆವು. ಆ ಸಮತೋಲ ಇಲ್ಲಿ ಕದಡುತ್ತದೆ. ಎಲ್ಲರಿಗೂ ಬಾಗಿಲು ತೆರೆಯಲು ಬಿಟ್ಟರೆ ಸಣ್ಣ ಅಂಗಡಿಯ ಹುಡುಗನ ರಜೆಗೆ ಸಾಕ್ಷಿಯೇ ಇಲ್ಲವಾಗುತ್ತದೆ. ಎಲ್ಲರೂ ಮುಚ್ಚಬೇಕೆಂದರೆ, ವಾರವಿಡೀ ದುಡಿದು ಭಾನುವಾರವಷ್ಟೇ ಪೇಟೆಗೆ ಬರುವವರಿಗೆ ತೊಂದರೆ. ಇದಕ್ಕೆ ಸುಲಭವಾದ ಉತ್ತರವಿಲ್ಲ. ತರಗತಿಯಲ್ಲಿ ಚರ್ಚೆಗೆ ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.

ನೋಡಿ ಕಲಿಯುವ ಪಾಠ

ಚರ್ಚೆಗೆ ಇಳಿಯುವ ಮುನ್ನ ನಮ್ಮ ಸಂವಿಧಾನದ 43ನೆಯ ವಿಧಿಯನ್ನು ಒಮ್ಮೆ ಓದಿ. ದುಡಿಯುವ ಎಲ್ಲರಿಗೂ ಬದುಕಲು ಸಾಕಾಗುವಷ್ಟು ಕೂಲಿಯ ಜೊತೆಗೆ ಬಿಡುವನ್ನು ಅನುಭವಿಸುವ, ಸಾಮಾಜಿಕ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ ಅವಕಾಶವೂ ದೊರೆಯುವಂತೆ ಸರ್ಕಾರ ಯತ್ನಿಸಬೇಕೆಂದು ಅದು ಹೇಳುತ್ತದೆ. ಅಂದರೆ ಬಿಡುವು ಧಣಿ ತೋರುವ ದಯೆಯಲ್ಲ. ದಣಿವಾರಿಸಿಕೊಂಡು ಮರುದಿನ ಮತ್ತೆ ದುಡಿಯಲೆಂದು ಕೊಡುವುದೂ ಅಲ್ಲ. ತಾಯಿಯನ್ನು ಜಾತ್ರೆಗೆ ಕರೆದೊಯ್ಯುವುದಕ್ಕೆ, ಪುಸ್ತಕ ಓದುವುದಕ್ಕೆ, ರಾಜ್ಯೋತ್ಸವದ ಮೆರವಣಿಗೆಯಲ್ಲಿ ನಡೆಯುವುದಕ್ಕೆ ಬೇಕಾದ ಹೊತ್ತು ಅದು. ಮಾರುಕಟ್ಟೆಯಲ್ಲಿ ಬಾವುಟ ಮಾರುವ ಹುಡುಗನಿಗೂ ಬಾವುಟ ಹಾರಿಸುವ ಸಮಯ ಸಿಗಬೇಕಲ್ಲವೇ?

ಇತಿಹಾಸವೆಂದರೆ ಕೋಟೆ ಕೊತ್ತಲ, ಶಾಸನ, ಯುದ್ಧಗಳು ಮಾತ್ರವಲ್ಲ. ಅಂಗಡಿಯ ಗೋಡೆಯ ಮೇಲೆ ಗಣಪತಿಯ ಪಟದ ಪಕ್ಕದಲ್ಲಿ ತೂಗುವ ನೋಂದಣಿ ಪತ್ರವೂ ಇತಿಹಾಸದ ಒಂದು ದಾಖಲೆ. ಅದರ ಬಳಿ ಇರುವ ವಾರದ ರಜೆಯ ಫಲಕದ ಹಿಂದೆ ಮುಂಬಯಿಯ ಗಿರಣಿ ಕೆಲಸಗಾರರ ಹೋರಾಟವಿದೆ, ನಾಲ್ಕು ಪ್ರಾಂತಗಳ ಶಾಸನಗಳಿವೆ, ತುಂಗಭದ್ರೆಯ ಎರಡು ದಡಗಳನ್ನು ಕಾಯ್ದೆಯಲ್ಲೂ ಒಂದಾಗಿಸಿದ ಏಕೀಕರಣವಿದೆ.

ಮುಂದಿನ ಸಲ ಪೇಟೆಗೆ ಹೋದಾಗ ಆ ಫಲಕ ಎಲ್ಲಿದೆಯೆಂದು ಕಣ್ಣಾಡಿಸಿ. ನಿಮ್ಮ ಊರಿನ ಬೀದಿಯೊಂದನ್ನು ಆರಿಸಿಕೊಂಡು, ಯಾವ ಅಂಗಡಿಗೆ ಯಾವ ದಿನ ರಜೆ, ಆ ದಿನವನ್ನೇ ಆರಿಸಿಕೊಂಡದ್ದೇಕೆ ಎಂದು ಹಿರಿಯ ವರ್ತಕರನ್ನು ವಿನಯದಿಂದ ಕೇಳಿ ಬರೆದುಕೊಳ್ಳಿ. ಹಾಗೆಯೇ ಬಟ್ಟೆ ಮಡಚಿಡುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಒಂದು ಮಾತು ಕೇಳಿ: ನಿಮಗೆ ರಜೆ ಯಾವಾಗ? ನಿಮ್ಮ ವಯಸ್ಸಿನವರೇ ಆಗಿರಬಹುದಾದ ಅವರ ಉತ್ತರದಿಂದ, ಈ ಎಲ್ಲ ಕಾಯ್ದೆಗಳು ಎಲ್ಲಿಯವರೆಗೆ ತಲುಪಿವೆ ಎಂಬುದು ನಿಮಗೇ ತಿಳಿಯುತ್ತದೆ.